ತಾಗಲಿಲ್ಲ

ಬಂದರಿನ ಕಚೇರಿಯಲ್ಲಿ ನನಗೆ ಮೊದಲು ಕೊಟ್ಟ ಕೆಲಸ
ಅಂಕಿ ಬರೆಯುವುದು.
ದೋಣಿಯ ಮುಂದೆ ಚೆಯ್ಯಬ್ಬ, ಹಿಂದೆ ನಾನು,
ನಡುವೆ ಡೀಸೆಲ್ ಹೊಗೆ, ಬೂತಾಯಿ ವಾಸನೆ,
ಬೆಂಗ್ರೆಯ ಮಕ್ಕಳು ಶಾಲೆಗೆ ದಾಟುವ ಹೊತ್ತು.

ಅವರ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಸೀಸದ ಗುಂಡು,
ಗುಂಡಿನ ಅಡಿಯಲ್ಲೊಂದು ಗುಳಿ,
ಗುಳಿಗೆ ಹೆಬ್ಬೆರಳಿನಿಂದ ಒತ್ತಿ ತುಂಬಿದ ಗ್ರೀಸು.
ಮಾರಿಗೊಂದು ಬಟ್ಟೆಯ ಚಿಂದಿ, ಕೆಂಪು, ಬಿಳಿ, ಮತ್ತೆ ಕೆಂಪು,
ಹತ್ತನೆಯದಕ್ಕೆ ಮಾತ್ರ ಚರ್ಮದ ತುಂಡು
ಕತ್ತಲಲ್ಲೂ ಬೆರಳಿಗೆ ತಿಳಿಯಲೆಂದು.

"ಎರಡೂವರೆ! ಮರಳು."
"ಮೂರು! ಕೆಸರು."
"ಮೂರೂಕಾಲು... ಚಿಪ್ಪು, ಮುರಿದದ್ದು."
ಗ್ರೀಸಿಗೆ ಅಂಟಿ ಬಂದದ್ದೇ ಸಾಕ್ಷಿ.
ಅಳಿವೆಬಾಗಿಲಿನ ತಳವನ್ನು ನಾನು ಕಂಡದ್ದು
ಹಾಗೆ, ಹರಳು ಹರಳಾಗಿ,
ಎಂದೂ ಇಡಿಯಾಗಿ ಅಲ್ಲ.

ಮುಳುಗಿದ ಮಂಜಿಯೊಂದನ್ನು ಹುಡುಕುತ್ತ
ಆ ವರ್ಷ ಬೊಂತೆಲ್ ತಿಂಗಳಲ್ಲಿ
ದಿನವೂ ತಿರುಗುವ ಗುರುತು ದಾಟಿ
ಗುಡ್ಡೆಯ ದೀಪಸ್ತಂಭ ಬೆಂಕಿಕಡ್ಡಿಯಷ್ಟಾಗುವ ತನಕ ಹೋದೆವು.
ಹಗ್ಗ ಹಳೆಯದು, ತುದಿ ಸವೆದು, ಕಡಿದು
ಹದಿನಾಲ್ಕು ಮಾರು ಉಳಿದಿತ್ತು.
ಇಳಿಬಿಟ್ಟರು. ಕೊನೆಯ ಚಿಂದಿಯೂ ನೀರಿಗೆ ಹೋಯಿತು.
ತೋಳನ್ನೂ ಇಳಿಬಿಟ್ಟರು, ಭುಜದ ತನಕ,
ಕೆನ್ನೆ ದೋಣಿಯ ಅಂಚಿಗೆ ಒತ್ತಿ.
ಹಗ್ಗ ಸಡಿಲಲಿಲ್ಲ.

ನನಗಾಗ ಇಪ್ಪತ್ತೆರಡು.
ಸರಸರ ಬರೆದೆ: ತಳ ಇಲ್ಲ.

"ಓದು ನೋಡುವ" ಅಂದರು. ಓದಿದೆ.
"ಇಲ್ಲ ಅಂತ ಹೇಳಲಿಕ್ಕೆ ನೀನು ಹೋಗಿ ಬಂದದ್ದುಂಟಾ ಮಾರಾಯ?
ಕಾಟು ಹಾಕು ಅದಕ್ಕೆ. ಬರೆ,
ಹದಿನಾಲ್ಕು ಮಾರು ಬಿಟ್ಟೆವು, ತಾಗಲಿಲ್ಲ.
ಹಗ್ಗದ ಲೆಕ್ಕ ಬರೆ, ಕಡಲಿನದ್ದು ಬೇಡ."

ಮೇಲೆ ಬಂದ ಗುಂಡನ್ನು ತಿರುಗಿಸಿ ನೋಡಿದೆ.
ಮರಳಿಲ್ಲ, ಕೆಸರಿಲ್ಲ.
ಗ್ರೀಸಿನ ಮೇಲೆ ಅವರದೇ ಹೆಬ್ಬೆರಳಿನ ಗುರುತು,
ಗೆರೆ ಸಮೇತ, ಹೋದ ಹಾಗೇ.

ಕಚೇರಿಯಲ್ಲಿ ಕಿಣಿಯವರಿಗೆ ಸಿಟ್ಟು:
"ಅಂಕಿಯ ಖಾನೆಯಲ್ಲಿ ವಾಕ್ಯ ಬರೆಯುವುದುಂಟಾ?
ಹದಿನೈದೋ ಹದಿನಾರೋ, ಒಂದು ಹಾಕಿ."
ನಕ್ಷೆಗೆ ಖಾಲಿ ಜಾಗ ಹಿಡಿಸದು.
ನನ್ನ ಪೆನ್ನು ಅಲ್ಲಿ ನಿಂತದ್ದು
ಒಂದು ಲೆಕ್ಕದಲ್ಲಿ ಈಗಲೂ ನಿಂತೇ ಇದೆ.

ಅಮ್ಮ ಹೋದ ವರ್ಷ ಕುಟುಂಬದ ನೇಮದಲ್ಲಿ
ನನ್ನನ್ನು ದೈವದೆದುರು ನಿಲ್ಲಿಸಿದರು.
ಗಗ್ಗರದ ಸದ್ದು, ದೊಂದಿಯ ಬಿಸಿ,
ಹಳದಿ ಮುಖದಲ್ಲಿ ಹತ್ತಿರ ಹತ್ತಿರ ಬರುವ ಕಣ್ಣು.
ಕೈ ತಾನಾಗಿ ಜೋಡಿತು, ಅದಕ್ಕೆ ಅಭ್ಯಾಸ ಉಂಟು.
ಅಣ್ಣ ಕಿವಿಯಲ್ಲಿ: "ನಂಬಿದ್ದೇನೆ ಅನ್ನು, ಮುಗಿಯಿತು."
ಹಿಂದಿನ ಕುರ್ಚಿಯಿಂದ ಭಾವ, ಎಲ್ಲ ಬಿಟ್ಟವರು:
"ಇಲ್ಲ ಅನ್ನು, ಧೈರ್ಯ ಇದ್ದರೆ."
ಇಬ್ಬರ ಹಗ್ಗವೂ ಎಷ್ಟೆಷ್ಟು ಮಾರು
ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.
ದೈವ ಹಿಂಗಾರ ಕೊಟ್ಟಿತು, ತೆಗೆದುಕೊಂಡೆ.
ಮನೆ ಮುಟ್ಟುವ ತನಕ ಅಂಗೈಯಲ್ಲಿ ತಂಪಿತ್ತು.
ಅಷ್ಟು ಬರೆಯಬಲ್ಲೆ.

ಜನ ಇದನ್ನು ಹೇಡಿತನ ಎನ್ನುತ್ತಾರೆ,
ಎರಡು ದೋಣಿಗೆ ಕಾಲಿಟ್ಟವನು ಎನ್ನುತ್ತಾರೆ.
ನಾನಿದ್ದದ್ದು ಒಂದೇ ದೋಣಿಯಲ್ಲಿ,
ಅದೂ ಸೋರುತ್ತಿತ್ತು.

ಈಗ ಯಂತ್ರ ಬಂದಿದೆ, ಸದ್ದು ಕಳಿಸಿ
ತಿರುಗಿ ಬಂದದ್ದನ್ನು ಕೇಳುತ್ತದೆ.
ಪಣಂಬೂರಿನ ಮಳೆಗಾಲದ ಕೆಸರಿಗೆ
ಎರಡು ಗೆರೆ ಬರುತ್ತವಂತೆ, ಮೇಲೊಂದು, ಕೆಳಗೊಂದು.
ಯಾವುದಪ್ಪ ತಳ ಎಂದರೆ
ಹುಡುಗ ಇಂಜಿನಿಯರ್ ತಲೆ ಕೆರೆದುಕೊಂಡ.
ನನಗೆ ಅವನು ಇಷ್ಟವಾದ.

ಹೇಳದೆ ಬಿಟ್ಟದ್ದು ಒಂದುಂಟು.
ಆ ದಿನ ಹಗ್ಗ ಸುತ್ತಿಟ್ಟು ಚೆಯ್ಯಬ್ಬ
ಕ್ಯಾನಿನ ನೀರಿನಲ್ಲಿ ಕೈಕಾಲು ತೊಳೆದರು.
ದೋಣಿ ಹೊರಳಿದಂತೆ ತಾವೂ ಹೊರಳಿ
ದಿಕ್ಕು ಸರಿಮಾಡಿಕೊಂಡು
ಹಣೆಯನ್ನು ಹಲಗೆಗೆ ಮುಟ್ಟಿಸಿದರು.
ಅವರಿಗೆ ಅಲ್ಲಿ ತಾಗಿತೋ ಏನೋ.
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ಇಂಜಿನ್ ನಿಧಾನಕ್ಕಿಟ್ಟು, ಅಲೆಗೆ ಮೂತಿ ಕೊಟ್ಟು
ಆದಷ್ಟು ಅಲುಗದ ಹಾಗೆ
ಚುಕ್ಕಾಣಿ ಹಿಡಿದು ಕೂತಿದ್ದೆ
ಅವರು ಏಳುವ ತನಕ.